ಇಂದ್ರಾಳಿಯಲ್ಲಿ ಉಡುಪಿ, ಮೂಡ್ಲಕಟ್ಟೆಯಲ್ಲಿ ಕುಂದಾಪುರ: ನೆಂಟರಿಗೆ ಎಲ್ಲಿ ಇಳಿಯಲು ಹೇಳಬೇಕು?

ಪರವೂರಿನ ನೆಂಟರು ರೈಲು ಹತ್ತುವ ಮೊದಲು ಫೋನು ಮಾಡಿ ಕೇಳುವ ಪ್ರಶ್ನೆ ಒಂದಿದೆ. "ಕಾಪು ಲೈಟ್‌ಹೌಸ್ ನೋಡಬೇಕಿತ್ತು, ಎಲ್ಲಿ ಇಳಿಯುವುದು?" ಮೊಬೈಲ್ ಮ್ಯಾಪ್‌ನಲ್ಲಿ ಹುಡುಕಿದರೆ ಇನ್ನಂಜೆ ಎಂದು ತೋರಿಸುತ್ತದೆ. ಅದು ಸುಳ್ಳಲ್ಲ. ಕಾಪುವಿಗೆ ಹತ್ತಿರದ ಸ್ಟೇಷನ್ ಇನ್ನಂಜೆಯೇ. ಆದರೆ ದೂರದ ಎಕ್ಸ್‌ಪ್ರೆಸ್ ಗಾಡಿಗಳು ಸಾಮಾನ್ಯವಾಗಿ ಅಲ್ಲಿ ನಿಲ್ಲುವುದಿಲ್ಲ. ಪ್ಯಾಸೆಂಜರ್ ಗಾಡಿಯಲ್ಲಿ ಬಂದು ಇಳಿದರೂ ಕಾಪು ಪೇಟೆಗೆ ಹೋಗಲು ರಿಕ್ಷಾ ಹುಡುಕಬೇಕು. ಹಾಗಾಗಿ ನಾವು ಮ್ಯಾಪ್ ಬದಿಗಿಟ್ಟು ಹೇಳುತ್ತೇವೆ: "ಉಡುಪಿಯಲ್ಲಿ ಇಳಿಯಿರಿ. ಅಲ್ಲಿಂದ ಮಂಗಳೂರು ಬಸ್ಸು ಹತ್ತಿ, ಕಾಪು ಪೇಟೆಯಲ್ಲಿ ಇಳಿಸಲು ಕಂಡಕ್ಟರಿಗೆ ಹೇಳಿ."

ಸ್ಟೇಷನ್ನಿನ ಮೈಕಿನಲ್ಲಿ ಈ ಮಾತು ಬರುವುದಿಲ್ಲ. ಗಾಡಿಯ ನಂಬರು, ಹೆಸರು, ಎಲ್ಲಿಂದ ಎಲ್ಲಿಗೆ, ಎಷ್ಟನೇ ಪ್ಲಾಟ್‌ಫಾರ್ಮ್, ಇಷ್ಟನ್ನು ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಅದು ತಪ್ಪದೆ ಹೇಳುತ್ತದೆ. ಬಂದವರು ನೋಡಬೇಕಾದ ಜಾಗಕ್ಕೆ ಯಾವ ಸ್ಟೇಷನ್ ಒಳ್ಳೆಯದು ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಇದು ಯಾರೋ ಒಬ್ಬರ ಉದಾಸೀನದಿಂದ ಆದದ್ದಲ್ಲ. ನಮ್ಮ ಕಡೆ ರೈಲು ಬಂದ ರೀತಿಯಲ್ಲೇ ಇದರ ಕಾರಣ ಇದೆ.

ರೈಲು ಮಂಗಳೂರಿನಲ್ಲೇ ನಿಂತಿದ್ದ ಕಾಲ

ದಕ್ಷಿಣದಿಂದ ಬಂದ ರೈಲು ಮಂಗಳೂರು ಮುಟ್ಟಿದ್ದು 1907ರಲ್ಲಿ. ಅದಾಗಿ 80 ವರ್ಷ ಕಳೆದರೂ ಕರಾವಳಿಯಲ್ಲಿ ಅದು ಉತ್ತರಕ್ಕೆ ಬರಲಿಲ್ಲ. ಉಡುಪಿಗೆ, ಕೊಲ್ಲೂರಿಗೆ, ಕಾರ್ಕಳಕ್ಕೆ ಬರುವ ಯಾತ್ರಿಕರಿಗೆ ರೈಲಿನಲ್ಲಿ ಇಳಿಯುವ ಜಾಗ ಒಂದೇ, ಮಂಗಳೂರು. ಗೊಂದಲಕ್ಕೆ ಆಸ್ಪದವೇ ಇರಲಿಲ್ಲ.

ಮುಂದಿನ ದಾರಿ ಬಸ್ಸಿನದು, ಅದಕ್ಕೂ ಹಿಂದೆ ಗಾಡಿ ಮತ್ತು ದೋಣಿಯದು. ಮಂಗಳೂರಿನಿಂದ ಉಡುಪಿಗೆ ಕಡಲ ಬದಿಯಲ್ಲೇ ಬರಬೇಕಾದರೆ ಗುರುಪುರ ಹೊಳೆ, ಪಾವಂಜೆಯ ನಂದಿನಿ, ಮೂಲ್ಕಿಯ ಶಾಂಭವಿ, ಉದ್ಯಾವರ ಹೊಳೆ ಎಲ್ಲವನ್ನೂ ದಾಟಬೇಕು. ಸೇತುವೆಗಳಾಗುವ ತನಕ ಅದು ಕಡವಿನ ಪ್ರಯಾಣ. ಸೇತುವೆಗಳಾದ ಮೇಲೆ ಖಾಸಗಿ ಬಸ್ಸುಗಳು ಈ ಊರುಗಳನ್ನು ಒಂದಕ್ಕೊಂದು ಹೊಲಿದವು.

ಆಗ ಪ್ರಕಟಣೆ ಮಾಡುತ್ತಿದ್ದವರು ಬಸ್ಸಿನ ಕಂಡಕ್ಟರರು. ಇಂದಿಗೂ ಅವರೇ. ಅವರು ಕೂಗುವುದು ಬಸ್ಸು ಹೋಗುವ ಊರುಗಳ ಹೆಸರನ್ನು. ಆದರೆ ಟಿಕೆಟ್ ಕೊಡುವಾಗ ಕೇಳುವುದು ಬೇರೆಯೇ: "ಎಲ್ಲಿಗೆ? ಕೃಷ್ಣ ಮಠಕ್ಕಾ? ಹಾಗಾದರೆ ಸ್ಟ್ಯಾಂಡಿನ ತನಕ ಬೇಡ, ಕಲ್ಸಂಕದಲ್ಲಿ ಇಳಿಯಿರಿ." ಊರಿನ ಹೆಸರು ಒಂದು, ಇಳಿಯಬೇಕಾದ ಜಾಗ ಇನ್ನೊಂದು. ಎರಡನ್ನೂ ಕೂಡಿಸಿ ಹೇಳುವವರು ಎದುರಿಗೇ ಇದ್ದರು. ರೈಲು ಬಂದಾಗ ಈ ಕೂಡಿಸುವ ಕೆಲಸವನ್ನು ಯಾರಿಗೂ ವಹಿಸಲಿಲ್ಲ.

ಹಳಿ ಹೋದಲ್ಲಿ ಸ್ಟೇಷನ್, ಸ್ಟೇಷನ್ನಿಗೆ ಬೇರೆ ಊರಿನ ಹೆಸರು

ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಅದರ ಹೊಣೆ ಹೊತ್ತವರು ಇ. ಶ್ರೀಧರನ್. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರಿನ ತನಕ ಸುಮಾರು 740 ಕಿಲೋಮೀಟರ್ ಹಳಿ. ಇಡೀ ಮಾರ್ಗದಲ್ಲಿ ಮೊದಲು ಪ್ರಯಾಣಿಕರ ಗಾಡಿ ಓಡಿದ್ದು ನಮ್ಮ ಕಡೆಯೇ, 1993ರ ಮಾರ್ಚ್‌ನಲ್ಲಿ, ಮಂಗಳೂರು ಮತ್ತು ಉಡುಪಿ ನಡುವೆ. ಆಗ ಉಡುಪಿ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಅದು ಆದದ್ದು 1997ರಲ್ಲಿ. ಪೂರ್ತಿ ಮಾರ್ಗ ತೆರೆದದ್ದು 1998ರ ಜನವರಿಯಲ್ಲಿ.

ನಮ್ಮ ಪೇಟೆಗಳು ಬೆಳೆದದ್ದು ಕಡಲಿಗೆ, ಬಂದರಿಗೆ, ದೇವಸ್ಥಾನಕ್ಕೆ, ಮತ್ತೆ ಹೆದ್ದಾರಿಗೆ ಅಂಟಿಕೊಂಡು. ರೈಲಿಗೆ ಬೇಕಾದದ್ದು ಬೇರೆ. ಹಳಿಗೆ ದೊಡ್ಡ ತಿರುವು ಆಗದು, ಕಡಿದಾದ ಏರು ಆಗದು. ಸ್ಟೇಷನ್ ಇರುವಲ್ಲಿ ಉದ್ದಕ್ಕೂ ಸಮತಟ್ಟಾದ ಜಾಗ ಬೇಕು. ತೆಂಗಿನ ತೋಟ, ಮನೆ, ಅಂಗಡಿ ತುಂಬಿದ ಪೇಟೆಯ ನಡುವೆ ಅಂಥ ಜಾಗ ಎಲ್ಲಿಂದ ಬರಬೇಕು? ಹಾಗಾಗಿ ಹಳಿ ಅನೇಕ ಕಡೆ ಪೇಟೆಯ ಮೂಡು ಬದಿಯಲ್ಲಿ, ಗದ್ದೆ ಗುಡ್ಡಗಳ ನಡುವೆ ಹೋಯಿತು.

ಉಡುಪಿ ಸ್ಟೇಷನ್ ಇರುವುದು ಇಂದ್ರಾಳಿಯಲ್ಲಿ, ಹೆಚ್ಚುಕಡಿಮೆ ಉಡುಪಿ ಮತ್ತು ಮಣಿಪಾಲದ ನಡುವೆ. ಕುಂದಾಪುರ ಸ್ಟೇಷನ್ ಇರುವುದು ಪೇಟೆಯಿಂದ ಒಳಗೆ, ಮೂಡ್ಲಕಟ್ಟೆಯಲ್ಲಿ. ಪಡುಬಿದ್ರಿ ಸ್ಟೇಷನ್ನಿಗೆ ಹೋಗುವವರು ಬೆಳಪು, ಪಣಿಯೂರು ಕಡೆ ತಿರುಗಬೇಕು. ಜಾಗ ಒಂದು ಊರಿನದು, ಬೋರ್ಡಿನ ಹೆಸರು ಇನ್ನೊಂದು ಊರಿನದು. ಟಿಕೆಟ್ ಕೌಂಟರಿನಲ್ಲಿ ಮೂಡ್ಲಕಟ್ಟೆ ಎಂದರೆ ದೂರದವರಿಗೆ ಗೊತ್ತಾಗುವುದಿಲ್ಲ, ಕುಂದಾಪುರ ಎಂದರೆ ಗೊತ್ತಾಗುತ್ತದೆ. ಹೆಸರಿಟ್ಟವರ ಲೆಕ್ಕ ಅಷ್ಟರ ಮಟ್ಟಿಗೆ ಸರಿಯೇ. ಆದರೆ ಹಳದಿ ಬೋರ್ಡು ನೋಡಿ ಇಳಿದವರಿಗೆ ತಾವು ಕುಂದಾಪುರ ಪೇಟೆಯಲ್ಲೇ ಇದ್ದೇವೆ ಅನ್ನಿಸುತ್ತದೆ. ಕಡಲು ಎಲ್ಲಿ ಎಂದು ಕೇಳಿದಾಗಲೇ ಇನ್ನೂ ದೂರ ಇದೆ ಎಂದು ತಿಳಿಯುವುದು.

"ರೋಡ್" ಎಂಬ ಬಾಲ

ಈ ತೊಂದರೆ ರೈಲ್ವೆಗೆ ಹೊಸದೇನಲ್ಲ. ಬ್ರಿಟಿಷರ ಕಾಲದಿಂದಲೂ ಅದಕ್ಕೊಂದು ಉಪಾಯ ಇದೆ. ಪ್ರಸಿದ್ಧ ಊರಿನ ತನಕ ಹಳಿ ಹೋಗದಿದ್ದರೆ ಆ ಊರಿನ ಹೆಸರಿಗೆ "ರೋಡ್" ಸೇರಿಸಿ ಹತ್ತಿರದ ಸ್ಟೇಷನ್ನಿಗೆ ಇಡುವುದು. ರಾಜಸ್ಥಾನದಲ್ಲಿ ಮೌಂಟ್ ಆಬು ಬೆಟ್ಟದ ಕೆಳಗೆ ಆಬು ರೋಡ್ ಇದೆ. "ಇದು ಆ ಊರಲ್ಲ, ಆ ಊರಿಗೆ ಹೋಗುವ ರಸ್ತೆ ಇಲ್ಲಿಂದ" ಎಂದು ಅದರ ಅರ್ಥ.

ನಮ್ಮಲ್ಲೂ ಇದೆ. ನೆಟ್ಟಣದಲ್ಲಿರುವ ಸ್ಟೇಷನ್ ಸುಬ್ರಹ್ಮಣ್ಯ ರೋಡ್. ಕುಕ್ಕೆ ಅಲ್ಲಿಂದ ಸುಮಾರು 12 ಕಿಲೋಮೀಟರ್. ಉತ್ತರ ಕನ್ನಡದಲ್ಲಿ ಗೋಕರ್ಣ ರೋಡ್. ನಮ್ಮ ಜಿಲ್ಲೆಯಲ್ಲಿ ಮೂಕಾಂಬಿಕಾ ರೋಡ್ ಬೈಂದೂರು. ಕೇರಳದಿಂದ ಕೊಲ್ಲೂರಿಗೆ ಬರುವ ಭಕ್ತರ ಸಂಖ್ಯೆ ನಿಮಗೇ ಗೊತ್ತು. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಬರುವ ಕುಟುಂಬಗಳು ಎಷ್ಟೋ. ಬರೀ "ಬೈಂದೂರು" ಎಂದರೆ ಅವರಲ್ಲಿ ಹಲವರಿಗೆ ತಾವು ಇಳಿಯಬೇಕಾದ್ದು ಇಲ್ಲೇ ಎಂದು ಹೊಳೆಯುವುದಿಲ್ಲ. ಈಗ ಸ್ಟೇಷನ್ನಿನ ಹೆಸರು ಓದಿದಾಗಲೆಲ್ಲ ದೇವಿಯ ಹೆಸರೂ ಬರುತ್ತದೆ. ನಮ್ಮ ಭಾಗದ ಸ್ಟೇಷನ್‌ಗಳಲ್ಲಿ ಹೆಸರೇ ದಾರಿ ತೋರಿಸುವುದು ಇಲ್ಲಿ ಮಾತ್ರ.

ಆದರೂ ಅದು ಅರ್ಧ ದಾರಿ. ಕೊಲ್ಲೂರು ಅಲ್ಲಿಂದ ಇನ್ನೂ 28 ಕಿಲೋಮೀಟರಿನಷ್ಟಿದೆ ಎನ್ನುವುದು ಹೆಸರಿನಲ್ಲಿ ಇಲ್ಲ. ನಡುರಾತ್ರಿ ಇಳಿದರೆ ಬಸ್ಸು ಸಿಗುತ್ತದೋ ಎನ್ನುವುದೂ ಇಲ್ಲ. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ ಎನ್ನುವುದೂ ಇಲ್ಲ. 2023ರ ಡಿಸೆಂಬರ್ 30ರಂದು ಮಂಗಳೂರು–ಮಡಗಾಂವ್ ವಂದೇ ಭಾರತ್ ಶುರುವಾದಾಗ ನಡುವೆ ನಿಲ್ಲುತ್ತಿದ್ದದ್ದು ಎರಡೇ ಕಡೆ, ಉಡುಪಿ ಮತ್ತು ಕಾರವಾರ. ಆ ಗಾಡಿ ಹತ್ತಿದವರಿಗೆ ಕೊಲ್ಲೂರಿನ ಸ್ಟೇಷನ್ ಉಡುಪಿ. ಬೋರ್ಡಿನಲ್ಲಿ ಮೂಕಾಂಬಿಕೆಯ ಹೆಸರಿರುವ ಸ್ಟೇಷನ್ ಕಿಟಕಿಯಾಚೆ ಹಾದುಹೋಗುತ್ತದೆ.

ಹೆಸರೇ ಇಲ್ಲದ ಊರುಗಳು

ಇನ್ನು ಹೆಸರಿನಲ್ಲಿ ಜಾಗವೇ ಸಿಗದ ಊರುಗಳ ಪಾಡು ನೋಡಿ.

ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದದ್ದು 1953ರಲ್ಲಿ. ಡಾ. ಟಿ.ಎಂ.ಎ. ಪೈ ಬೋಳು ಗುಡ್ಡದ ಮೇಲೆ ಕಟ್ಟಿದ ಊರಿಗೆ ಇಂದು ದೇಶದ ಎಲ್ಲ ಕಡೆಯಿಂದ ವಿದ್ಯಾರ್ಥಿಗಳು ಬರುತ್ತಾರೆ, ಸುತ್ತಲಿನ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ಅವರೆಲ್ಲ ಇಳಿಯುವುದು ಇಂದ್ರಾಳಿಯ ಸ್ಟೇಷನ್ನಿನಲ್ಲೇ. ಆದರೆ ಸ್ಟೇಷನ್ನಿನ ಹೆಸರು ಉಡುಪಿ. ಮೊದಲ ಸಲ ಬಂದ ರೋಗಿಯ ಮನೆಯವರು ಆಸ್ಪತ್ರೆ ಇನ್ನೂ ಎಷ್ಟು ದೂರವೋ ಎಂಬ ಚಿಂತೆಯಲ್ಲಿ ರಿಕ್ಷಾ ಹತ್ತುತ್ತಾರೆ. ಅದು ಅಲ್ಲಿಂದ ಕೆಲವೇ ಕಿಲೋಮೀಟರ್, ಮುಖ್ಯ ರಸ್ತೆಗೆ ಬಂದರೆ ಸಿಟಿ ಬಸ್ಸು ಇದೆ ಎಂದು ಯಾರಾದರೂ ಒಂದು ಮಾತು ಹೇಳಿದರೆ ಸಾಕಿತ್ತು.

ಕಾರ್ಕಳಕ್ಕೆ ಹಳಿಯೇ ಇಲ್ಲ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟ, 1586ರ ಚತುರ್ಮುಖ ಬಸದಿ, ಎರಡನ್ನೂ ನೋಡಲು ಬರುವವರಿಗೆ ಮೈಕು ಯಾವ ಸ್ಟೇಷನ್ನಿನಲ್ಲೂ "ಕಾರ್ಕಳ" ಎನ್ನುವುದಿಲ್ಲ. ಶ್ರವಣಬೆಳಗೊಳದ ಹೆಸರಿನ ಸ್ಟೇಷನ್ನಿನ ಮೂಲಕ ಬೆಂಗಳೂರು–ಹಾಸನ ರೈಲು 2017ರಿಂದ ಓಡುತ್ತಿದೆ. ಅಲ್ಲಿನ ಗೊಮ್ಮಟನಿಗೆ ಸಿಕ್ಕ ಭಾಗ್ಯ ಇಲ್ಲಿನವನಿಗೆ ಸಿಕ್ಕಿಲ್ಲ. ಪಡುಬಿದ್ರಿಯಿಂದ ಬೆಳ್ಮಣ್ ಮೇಲೆ ಕಾರ್ಕಳಕ್ಕೆ ರಸ್ತೆ ಇದೆ, ದೂರವೂ ಕಡಿಮೆ. ಆದರೆ ಬಸ್ಸು ಸಿಗುವುದು ಪಡುಬಿದ್ರಿ ಪೇಟೆಯಲ್ಲಿ, ಸ್ಟೇಷನ್ನಿನ ಬಾಗಿಲಲ್ಲಲ್ಲ. ಉಡುಪಿಯಲ್ಲಿ ಇಳಿದವರಿಗೆ ಮಣಿಪಾಲ, ಹಿರಿಯಡಕ, ಬೈಲೂರು ಮೇಲೆ ಹೋಗುವ ಕಾರ್ಕಳ ಬಸ್ಸು ಇಂದ್ರಾಳಿಯ ಮುಖ್ಯ ರಸ್ತೆಯಲ್ಲೇ ಬರುತ್ತದೆ. ಕೇರಳ ಕಡೆಯಿಂದ ಬರುವವರು ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದು, ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿಗೆ ಹೋಗಿ ಬಸ್ಸು ಹತ್ತಿದರೆ ದಾರಿಯಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ನೋಡಬಹುದು. ಆದರೆ ಕೇರಳದಿಂದ ಮುಂಬಯಿ ಕಡೆಗೆ ಹೋಗುವ ಗಾಡಿಗಳು ಸಾಮಾನ್ಯವಾಗಿ ಸೆಂಟ್ರಲ್‌ಗೆ ಹೋಗದೆ ಜಂಕ್ಷನ್‌ನಲ್ಲೇ ನಿಂತು ಮುಂದೆ ಹೋಗುತ್ತವೆ. ಹಿಂದೆ ಕಂಕನಾಡಿ ಎನ್ನುತ್ತಿದ್ದ ಸ್ಟೇಷನ್ನೇ ಈ ಜಂಕ್ಷನ್. ಎರಡರ ಹೆಸರೂ "ಮಂಗಳೂರು" ಎಂದೇ ಶುರುವಾಗುವುದರಿಂದ ಇಲ್ಲಿ ತಪ್ಪುವವರು ಬಹಳ.

ಮತ್ತೆ ಕಾಪು. 1901ರ ಲೈಟ್‌ಹೌಸ್ ಇದೆ, ಮಾರಿಗುಡಿಗಳಿವೆ, 2018ರಿಂದ ತಾಲೂಕು ಕೇಂದ್ರವೂ ಹೌದು. ರೈಲ್ವೆಯ ಬೋರ್ಡಿನಲ್ಲಿ ಮಾತ್ರ ಆ ಹೆಸರಿಲ್ಲ.

ಹತ್ತಿರದ್ದು ಬೇರೆ, ಒಳ್ಳೆಯದು ಬೇರೆ

ಇದೆಲ್ಲ ನೋಡಿದರೆ ಒಂದು ವಿಷಯ ಸ್ಪಷ್ಟ. ಸ್ಟೇಷನ್ ಒಳ್ಳೆಯದೋ ಅಲ್ಲವೋ ಎನ್ನುವುದು ಕಿಲೋಮೀಟರಿನಿಂದ ತೀರ್ಮಾನವಾಗುವುದಿಲ್ಲ. ನಿಮ್ಮ ಗಾಡಿ ಅಲ್ಲಿ ನಿಲ್ಲಬೇಕು. ಇಳಿದ ಮೇಲೆ ಬಸ್ಸೋ ರಿಕ್ಷಾವೋ ಸಿಗಬೇಕು. ಅದು ಸಿಗುವ ಹೊತ್ತಿಗೆ ಗಾಡಿ ಬರಬೇಕು. ಈ ಮೂರನ್ನೂ ಒಟ್ಟಿಗೆ ಬಲ್ಲವರು ಊರಿನವರು. ಹೆಸರು, ಬೋರ್ಡು, ಮೈಕು, ಮ್ಯಾಪ್ ಎಲ್ಲವೂ ಇದರಲ್ಲಿ ಒಂದೊಂದು ತುಂಡನ್ನಷ್ಟೇ ಹೇಳುತ್ತವೆ.

ಹೀಗೆ ಹೇಳಲು ಆಗದೇ ಇಲ್ಲ. ಲಂಡನ್ನಿನ ಮೆಟ್ರೋದಲ್ಲಿ ಗ್ರೀನ್ ಪಾರ್ಕ್ ಸ್ಟೇಷನ್ ಬಂದಾಗ, ಬಕಿಂಗ್‌ಹ್ಯಾಮ್ ಅರಮನೆಗೆ ಹೋಗುವವರು ಇಲ್ಲಿ ಇಳಿಯಿರಿ ಎಂದು ಗಾಡಿಯ ಒಳಗೇ ಹೇಳುತ್ತಾರೆ. ಅಲ್ಲಿಯೂ ಸ್ಟೇಷನ್ನಿನ ಹೆಸರಿನಲ್ಲಿ ಅರಮನೆ ಇಲ್ಲ. ಹೆಸರು ಬದಲಿಸದೆ ಒಂದು ವಾಕ್ಯ ಸೇರಿಸಿದ್ದಾರೆ ಅಷ್ಟೆ.

ನಮ್ಮಲ್ಲಿ ಸ್ಟೇಷನ್ ಹೆಸರು ಬದಲಿಸಬೇಕೆಂಬ ಬೇಡಿಕೆಗೆ ಬೇಗ ಜನ ಸೇರುತ್ತಾರೆ. ಹೆಸರಿಗೊಂದು ಗೌರವ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಹೆಸರಿನಲ್ಲಿ ಒಂದೇ ಊರು, ಹೆಚ್ಚೆಂದರೆ ಎರಡು ಹಿಡಿಸುತ್ತದೆ. ಇಂದ್ರಾಳಿಯಲ್ಲಿ ಇಳಿಯುವವರು ಕೃಷ್ಣ ಮಠಕ್ಕೂ ಹೋಗುತ್ತಾರೆ, ಮಣಿಪಾಲಕ್ಕೂ, ಮಲ್ಪೆಗೂ, ಕಾಪುವಿಗೂ, ಕಾರ್ಕಳಕ್ಕೂ. ಹೆಸರಿಗಾಗಿ ಎಳೆದಾಡುವ ಬದಲು ಮೈಕಿನಲ್ಲಿ ಒಂದು ವಾಕ್ಯ ಕೇಳಬಹುದು: "ಮಣಿಪಾಲ, ಕಾರ್ಕಳಕ್ಕೆ ಹೋಗುವವರು ಇಲ್ಲಿ ಇಳಿಯಿರಿ. ಬಸ್ಸು ಇಂದ್ರಾಳಿ ಮುಖ್ಯ ರಸ್ತೆಯಲ್ಲಿ ಸಿಗುತ್ತದೆ." ಅದನ್ನೇ ಹೊರಬಾಗಿಲಿನ ಬೋರ್ಡಿನಲ್ಲೂ ಬರೆಯಬಹುದು. ಇದಕ್ಕೆ ಹೊಸ ಹಳಿ ಬೇಡ, ಭೂಮಿ ಬೇಡ.

ಇದು ಬರೀ ಪ್ರವಾಸಿಗರ ಅನುಕೂಲದ ಮಾತೂ ಅಲ್ಲ. ನೆಂಟರು ಎಲ್ಲಿ ಇಳಿಯುತ್ತಾರೋ ಅಲ್ಲಿನ ರಿಕ್ಷಾದವರಿಗೆ ಬಾಡಿಗೆ, ಹೋಟೆಲಿನವರಿಗೆ ಗಿರಾಕಿ, ಹೂವಿನವರಿಗೆ ವ್ಯಾಪಾರ. ಇನ್ನಂಜೆಯ ಆಸುಪಾಸಿನಲ್ಲೇ ಶಂಕರಪುರ ಮಲ್ಲಿಗೆಯ ಊರು ಇದೆ. ಅಲ್ಲಿ ಗಾಡಿ ನಿಲ್ಲಬೇಕೆಂದು ಕೇಳುವಾಗ, ನಿಂತ ಗಾಡಿಯಿಂದ ಇಳಿದವರು ಕಾಪು ತನಕ ಹೇಗೆ ಹೋಗುತ್ತಾರೆ ಎನ್ನುವುದನ್ನೂ ಜೊತೆಗೆ ಕೇಳಬೇಕು. ಬಸ್ಸಿಲ್ಲದ ಸ್ಟೇಷನ್ನಿನಲ್ಲಿ ನಿಲುಗಡೆ ಕೊಟ್ಟರೂ ಇಳಿಯುವವರು ಇರುವುದಿಲ್ಲ. ಇಳಿಯುವವರು ಇಲ್ಲವೆಂದು ನಿಲುಗಡೆಯನ್ನೇ ತೆಗೆಯಿರಿ ಎಂಬ ಮಾತು ಆಮೇಲೆ ಬರುತ್ತದೆ.

ಅಲ್ಲಿಯವರೆಗೆ ಈ ಕೆಲಸ ನಮ್ಮದೇ. ಮುಂದಿನ ಸಲ ನೆಂಟರು ಫೋನು ಮಾಡಿದರೆ ಬರೀ ಸ್ಟೇಷನ್ನಿನ ಹೆಸರು ಹೇಳಿ ಇಡಬೇಡಿ. ಅವರು ಯಾವ ಗಾಡಿಯಲ್ಲಿ ಬರುತ್ತಾರೆ, ಎಷ್ಟು ಗಂಟೆಗೆ ಎಂದು ಮೊದಲು ಕೇಳಿ. ಎಲ್ಲಿ ಇಳಿಯುವುದು ಎಂದು ಆಮೇಲೆ ಹೇಳಿ.