ಧರ್ಮಪುರಿಯ ನೀರು, ವೃದ್ಧರ ಕೀಲು

ತಮಿಳುನಾಡಿನ ಧರ್ಮಪುರಿ 1965ರ ಅಕ್ಟೋಬರ್ 2ರವರೆಗೆ ಸೇಲಂ ಜಿಲ್ಲೆಗೇ ಸೇರಿತ್ತು. ಮಳೆ ಕಡಿಮೆಯಾದ ಈ ಕಲ್ಲುನೆಲದಲ್ಲಿ ತೆರೆದ ಬಾವಿಗಳು ಬತ್ತಿದಂತೆಲ್ಲ ಕೊಳವೆಬಾವಿಗಳು ಆಳಕ್ಕಿಳಿದವು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಫ್ಲೋರೈಡ್ ಕರಗಿಸಿಕೊಂಡಿದ್ದ ನೀರು ಮನೆಗಳಿಗೆ ಬಂತು. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಫ್ಲೋರೈಡ್ ತೀರಾ ಹೆಚ್ಚಿದ್ದಲ್ಲಿ ವರ್ಷಗಳು ಕಳೆದಂತೆ ಕೀಲು, ಕುತ್ತಿಗೆ, ಬೆನ್ನು ಬಿಗಿಯುತ್ತವೆ. ಭಾರತದಲ್ಲಿ ಫ್ಲೋರೋಸಿಸ್ ಎಂಬ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗ ಧರ್ಮಪುರಿಯೂ ಸೇರಿದ್ದ ಮದರಾಸು ಪ್ರಾಂತದ ನೆಲ್ಲೂರಿನಲ್ಲಿ.

ಕನ್ನಡಿಗರಿಗೆ 2008ರ ಗಡಿ ತಂಟೆಯಾಗಿ ನೆನಪಿರುವ ಹೊಗೇನಕಲ್ ಯೋಜನೆಯ ಪೂರ್ಣ ಹೆಸರಿನಲ್ಲೇ ಫ್ಲೋರೋಸಿಸ್ ನಿವಾರಣೆಯ ಮಾತಿದೆ. ಧರ್ಮಪುರಿ, ಕೃಷ್ಣಗಿರಿಗಳಿಗೆ ಕಾವೇರಿ ನೀರು ಕೊಡುವ ಈ ಯೋಜನೆ 2013ರಲ್ಲಿ ಆರಂಭವಾಯಿತು. ಆದರೆ ಅಷ್ಟರೊಳಗೆ ಬಿಗಿದುಹೋದ ಮೂಳೆ ಹೊಸ ನೀರಿನಿಂದ ಸಡಿಲವಾಗುವುದಿಲ್ಲ.

ಇಂಥ ಊರುಗಳ ವೃದ್ಧರಿಗೂ ಬೇಕಾಗಬಹುದಾದ, ಸವೆದ ಮಂಡಿ, ಸೊಂಟಗಳ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಬೆನ್ನಿಗೆ ಸೂಜಿ ಚುಚ್ಚಿ, ಸೊಂಟದಿಂದ ಕೆಳಗಿನ ಭಾಗವನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ. 1898ರ ಆಗಸ್ಟ್ 16ರಂದು ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಈ ವಿಧಾನವನ್ನು ಮೊದಲು ಬಳಸಿದ್ದೂ ಕೀಲಿನ ಚಿಕಿತ್ಸೆಗೇ: ಕ್ಷಯ ತಗುಲಿದ ಕಣಕಾಲಿಗೆ. ಹೀಗೆ ಮಾಡುವಾಗ ರೋಗಿಗೆ ನೋವಿಲ್ಲ, ಎಚ್ಚರವಿದೆ. ಗರಗಸ, ಸುತ್ತಿಗೆಗಳ ಸದ್ದು ಕಿವಿಗೆ ಬೀಳುತ್ತದೆ, ಏಟಿನ ಅದುರು ಎದೆಯವರೆಗೂ ಬರುತ್ತದೆ. ಹೆದರಿಕೆ ತಗ್ಗಿಸಲು ಮಂಪರಿನ ಔಷಧ ಕೊಡುವುದು ರೂಢಿ. ವಯಸ್ಸಾದವರಲ್ಲಿ ಅದು ಉಸಿರು, ರಕ್ತದೊತ್ತಡಗಳನ್ನು ಇಳಿಸಬಹುದು, ಬುದ್ಧಿಯನ್ನು ಗಲಿಬಿಲಿಗೊಳಿಸಬಹುದು.

ಕಣ್ಣಿಗೆ ಕಟ್ಟಿದ ಹೆಡ್‌ಸೆಟ್ಟಿನಲ್ಲಿ ಕೃತಕ ಲೋಕ ತೋರಿಸುವ ವರ್ಚುವಲ್ ರಿಯಾಲಿಟಿ ಬಂದದ್ದು ಈ ಔಷಧದ ಜಾಗಕ್ಕೆ. ಅದಕ್ಕೂ ಮೊದಲು ಅಮೆರಿಕದ ಸಿಯಾಟಲ್‌ನಲ್ಲಿ ಸುಟ್ಟಗಾಯದ ರೋಗಿಗಳ ಗಮನ ಬೇರೆಡೆ ಸೆಳೆಯಲು ಹಿಮದ ಲೋಕವೊಂದನ್ನು ಕಟ್ಟಲಾಯಿತು. ಬಾಸ್ಟನ್‌ನಲ್ಲಿ ಕೈ ಶಸ್ತ್ರಚಿಕಿತ್ಸೆಗೆ ಒಳಗಾದ 34 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡವರಿಗೆ ಪ್ರೊಪೊಫಾಲ್ ಎಂಬ ಮಂಪರಿನ ಔಷಧ ಬಹಳ ಕಡಿಮೆ ಸಾಕಾಯಿತು. ಸಣ್ಣ ಅಧ್ಯಯನ, ಅದೂ ಕೈಗೆ ಸಂಬಂಧಿಸಿದ್ದು. ಮಂಡಿಯ ಮೇಲೆ ಸುತ್ತಿಗೆ ಬೀಳುವಾಗಲೂ ಇಷ್ಟೇ ಫಲ ಸಿಗುತ್ತದೆಂದು ಅದರಿಂದ ಹೇಳಲಾಗದು. ಪೊರೆಗಣ್ಣು, ಕಿವುಡು, ತಲೆಸುತ್ತು ಇದ್ದವರಿಗೆ ಈ ಸಾಧನ ಒಗ್ಗುವುದು ಕಷ್ಟ.

ತೀವ್ರ ಫ್ಲೋರೋಸಿಸ್ ಇರುವ ರೋಗಿಯ ತೊಡಕು ಇದಕ್ಕೂ ಮೊದಲೇ ಎದುರಾಗುತ್ತದೆ. ಬೆನ್ನೆಲುಬಿನ ನಡುವಿನ ಮೆತ್ತನೆಯ ಕಟ್ಟುಗಳೇ ಮೂಳೆಯಂತಾಗಿರುವುದರಿಂದ ಬೆನ್ನು ಬಾಗುವುದು, ಸೂಜಿ ಒಳಹೋಗುವುದು ಕಷ್ಟ. ಪೂರ್ಣ ಅರಿವಳಿಕೆ ಕೊಡೋಣವೆಂದರೆ ಬಿಗಿದ ಕುತ್ತಿಗೆಯಿಂದಾಗಿ ಉಸಿರುನಳಿಗೆಗೆ ಕೊಳವೆ ತೂರಿಸುವುದೂ ಸುಲಭವಲ್ಲ. ಹಾಗೆ ಪೂರ್ತಿ ನಿದ್ದೆ ಹೋದ ರೋಗಿಗೆ ಹೆಡ್‌ಸೆಟ್ಟಿನ ಅಗತ್ಯವೇ ಇರುವುದಿಲ್ಲ.