ಬೆಂಗಳೂರು ಹೊರವಲಯದ ಕಿರು ರಾಜ್ಯ ಹೆದ್ದಾರಿಗಳು

ವೈಟ್‌ಫೀಲ್ಡ್ ಮುಖ್ಯರಸ್ತೆ, ವರ್ತೂರು ರಸ್ತೆ, ಬನ್ನೇರುಘಟ್ಟ ರಸ್ತೆ ಎಂದರೆ ಎಲ್ಲರಿಗೂ ಗೊತ್ತು. ಅವನ್ನೇ ರಾಜ್ಯ ಹೆದ್ದಾರಿ 35 ಅಥವಾ 87 ಎಂದರೆ ಆಟೊ ಚಾಲಕರೂ ತಲೆ ಕೆರೆದುಕೊಳ್ಳುತ್ತಾರೆ. ಆದರೂ ಬೆಂಗಳೂರಿನ ಪೂರ್ವ ಮತ್ತು ದಕ್ಷಿಣದ ಅಂಚಿನಲ್ಲಿ ಐ.ಟಿ. ಪಾರ್ಕು, ಕಾರ್ಖಾನೆ, ಅಪಾರ್ಟ್‌ಮೆಂಟುಗಳನ್ನು ಹೊತ್ತ ಈ ರಸ್ತೆಗಳು ತಾಲ್ಲೂಕು ಊರುಗಳನ್ನು ಪರಸ್ಪರ ಜೋಡಿಸಿದ ಹಳ್ಳಿಗಾಡಿನ ಹೆದ್ದಾರಿಗಳು. 35 ಶಿಡ್ಲಘಟ್ಟದಿಂದ ಹೊರಟರೆ 87 ಬೆಂಗಳೂರಿನಿಂದ ಹೊರಡುತ್ತದೆ. ಎರಡೂ ಹೋಗಿ ಸೇರುವುದು ಆನೇಕಲ್ಲನ್ನು.

ಮೈಸೂರು ಸೀಮೆಯಲ್ಲಿ ಕ್ರಮಬದ್ಧ ರಸ್ತೆ ನಿರ್ಮಾಣಕ್ಕೆ ಬುನಾದಿ ಬಿದ್ದದ್ದು ಕಮಿಷನರ್ ಮಾರ್ಕ್ ಕಬ್ಬನ್ ಆಡಳಿತದಲ್ಲಿ, 1834ರಿಂದ 1861ರವರೆಗೆ. ಆತ ಹುದ್ದೆ ಬಿಡುವ ಹೊತ್ತಿಗೆ ಸುಮಾರು 1,600 ಮೈಲಿ ರಸ್ತೆ ಸಿದ್ಧವಾಗಿತ್ತು. ಲೋಕೋಪಯೋಗಿ ಇಲಾಖೆಯೂ ಅದೇ ಕಾಲದ ಕೂಸು. ರಸ್ತೆಗಳಿಗೆ ದರ್ಜೆ ಕಟ್ಟುವ ಪದ್ಧತಿ ಬಂದದ್ದು ಬಹಳ ತಡವಾಗಿ. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು ದೇಶದ ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮೀಣ ಎಂದು ವಿಂಗಡಿಸಿದರು. ಪ್ರಾಂತಗಳು ರಾಜ್ಯಗಳಾದ ಮೇಲೆ ಪ್ರಾಂತೀಯ ಹೆದ್ದಾರಿ ರಾಜ್ಯ ಹೆದ್ದಾರಿಯಾಯಿತು. ಹಳದಿ ತಲೆಯ ಕಿಲೋಮೀಟರು ಕಲ್ಲು ರಾಷ್ಟ್ರೀಯ ಹೆದ್ದಾರಿಗೆ, ಹಸಿರು ತಲೆಯದು ರಾಜ್ಯ ಹೆದ್ದಾರಿಗೆ. ಕಾನೂನಿನ ಬೆಂಬಲವಾಗಿ 1964ರಲ್ಲಿ ಕರ್ನಾಟಕ ಹೆದ್ದಾರಿ ಅಧಿನಿಯಮ ಬಂತು.

ಬೆಂಗಳೂರಿನ ರಾಷ್ಟ್ರೀಯ ಹೆದ್ದಾರಿಗಳು ನಗರದಿಂದ ಸಿಡಿದು ಹೊರಡುತ್ತವೆ: ತುಮಕೂರಿಗೆ, ಹೊಸೂರಿಗೆ, ಕೋಲಾರಕ್ಕೆ, ಹೈದರಾಬಾದಿಗೆ. ರಾಜ್ಯ ಹೆದ್ದಾರಿ 35ರ ಜಾಡೇ ಬೇರೆ. ಅದು ಹಳೆಯ ಬೆಂಗಳೂರಿನೊಳಗೆ ಕಾಲಿಡುವುದೇ ಇಲ್ಲ. ಶಿಡ್ಲಘಟ್ಟದಿಂದ ವಿಜಯಪುರ, ಬೂದಿಗೆರೆ ದಾಟಿ, ಹಳೇ ಮದ್ರಾಸ್ ರಸ್ತೆಯನ್ನು ಅಡ್ಡಹಾಯ್ದು, ವೈಟ್‌ಫೀಲ್ಡ್, ವರ್ತೂರು, ಗುಂಜೂರು, ದೊಮ್ಮಸಂದ್ರ, ಸರ್ಜಾಪುರ, ಅತ್ತಿಬೆಲೆ ಮುಟ್ಟಿ ಆನೇಕಲ್ ಸೇರುತ್ತದೆ. ರಾಜಧಾನಿಗೆ ಹೋಗಲೊಲ್ಲದವರ ದಾರಿ ಎನ್ನಬಹುದು. ಅದು ಕೋದಿರುವ ಊರುಗಳನ್ನು ನೋಡಿದರೆ ಹೀಗೇಕೆ ಎಂಬುದೂ ಹೊಳೆಯುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯೂ ನೂಲು ಬಿಚ್ಚುವ ಮನೆಗಳೂ ಇವೆ, ವಿಜಯಪುರದ ಸುತ್ತ ಹಿಪ್ಪುನೇರಳೆ ತೋಟಗಳಿವೆ, ಆನೇಕಲ್ಲಿನಲ್ಲಿ ರೇಷ್ಮೆ ನೇಯುವ ಮಗ್ಗಗಳಿವೆ. ಜಹಗೀರಿನ ಊರಾಗಿದ್ದ ಸರ್ಜಾಪುರ ಒಂದು ಕಾಲಕ್ಕೆ ನವಿರಾದ ಮಸ್ಲಿನ್ ಬಟ್ಟೆಗೆ ಹೆಸರಾಗಿತ್ತು. ರಸ್ತೆಯನ್ನು ನೂಲಿಗಾಗಿಯೇ ಹಾಕಿದರೆಂದಲ್ಲ. ಆದರೆ ಈ ಊರುಗಳಿಗೆ ತಮ್ಮತಮ್ಮಲ್ಲಿ ವ್ಯವಹಾರವಿತ್ತು, ಅದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಿರಲಿಲ್ಲ.

ನಗರವೇ ರಸ್ತೆಯ ಬಳಿಗೆ ಬಂತು. ಮೊದಲ ಸುಳಿವು ವೈಟ್‌ಫೀಲ್ಡಿನಲ್ಲಿತ್ತು. ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಡಿ.ಎಸ್. ವೈಟ್ ಅವರ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘ 1882ರಲ್ಲಿ ಕೃಷಿ ವಸಾಹತು ಹೂಡಿತು. ಬೆಂಗಳೂರಿನಿಂದ ಜೋಲಾರ್‌ಪೇಟೆಗೆ ಹೋಗುವ ರೈಲು ಹಾದಿ 1864ರಿಂದಲೇ ಪಕ್ಕದಲ್ಲಿತ್ತು. ಆಮೇಲೆ ನೂರು ವರ್ಷ ಅಲ್ಲಿ ಹೇಳಿಕೊಳ್ಳುವಂಥ ಗದ್ದಲವಿರಲಿಲ್ಲ. 1990ರ ದಶಕದಲ್ಲಿ ಪಟ್ಟಂದೂರು ಅಗ್ರಹಾರದ ಬಳಿ ಅಂತರರಾಷ್ಟ್ರೀಯ ತಂತ್ರಜ್ಞಾನ ಪಾರ್ಕ್, ಅಂದರೆ ಐ.ಟಿ.ಪಿ.ಎಲ್. ಎದ್ದ ಮೇಲೆ ಹೋಪ್ ಫಾರ್ಮ್ ವೃತ್ತದಿಂದ ವರ್ತೂರು ಕೋಡಿಯವರೆಗಿನ ಭಾಗ ಹೆದ್ದಾರಿಯ ಲಕ್ಷಣ ಕಳೆದುಕೊಂಡು ಪೇಟೆಬೀದಿಯಾಯಿತು. ಎರಡು ಪಥದ ಹೆದ್ದಾರಿಗೆ ನಿಯಮದಂತೆ ಬೇಕಾದ ಡಾಂಬರಿನ ಅಗಲ 7 ಮೀಟರು. ಎದುರುಬದುರು ಎರಡು ಲಾರಿ ದಾಟಲು ಅಷ್ಟು ಸಾಕು. ಒಂದರ ಹಿಂದೊಂದು ಕಂಪನಿ ಬಸ್ಸು, ನೀರಿನ ಟ್ಯಾಂಕರು, ಶಾಲಾ ವ್ಯಾನು, ನಡುನಡುವೆ ನುಗ್ಗುವ ಬೈಕುಗಳು ಬಂದರೆ ಅದು ಯಾವುದಕ್ಕೂ ಸಾಲದು.

ವರ್ತೂರಿನಲ್ಲಿ ಈ ಹೆದ್ದಾರಿ ಕಂಡ ವಿಚಿತ್ರ ಅಡಚಣೆ ವಾಹನಗಳದ್ದಲ್ಲ. ಬೆಳ್ಳಂದೂರು ಕೆರೆಯಿಂದ ಹರಿದು ಬರುವ ನಗರದ ಕೊಳಚೆ ವರ್ತೂರು ಕೆರೆ ತುಂಬಿ, ಮುಂದೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. 2015ರಲ್ಲಿ ಕೋಡಿಯ ಬಳಿ ಸಾಬೂನಿನಂಥ ಬಿಳಿ ನೊರೆ ಉಕ್ಕಿ, ಗಾಳಿಗೆ ಹಾರಿ ರಸ್ತೆಯ ಮೇಲೆ ಬಿತ್ತು. ಬೈಕ್ ಸವಾರರು ನೊರೆಯೊಳಗೆ ದಾರಿ ಹುಡುಕುವ ಚಿತ್ರಗಳು ವಿದೇಶದ ಪತ್ರಿಕೆಗಳಿಗೂ ಹೋದವು. ನಗರವನ್ನು ಬಳಸಿ ಹೋಗಿದ್ದ ರಸ್ತೆಗೆ ನಗರದ ಬಚ್ಚಲು ಎದುರಾದದ್ದು ಹೀಗೆ.

87ರ ಕತೆ ಇಷ್ಟು ಸುತ್ತುಬಳಸಿನದಲ್ಲ. ಬನ್ನೇರುಘಟ್ಟದ ಚಂಪಕಧಾಮ ಸ್ವಾಮಿ ದೇವಸ್ಥಾನಕ್ಕೆ ಹೋಗುವ ಭಕ್ತರ ದಾರಿ ಅದು. 1970ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನ ಆದ ಮೇಲೆ ಭಾನುವಾರದ ಸಂಸಾರಗಳ ದಾರಿಯೂ ಆಯಿತು. ಭಾರತೀಯ ನಿರ್ವಹಣಾ ಸಂಸ್ಥೆ 1980ರ ದಶಕದಲ್ಲಿ ತನ್ನ ಕಲ್ಲಿನ ಕ್ಯಾಂಪಸ್ಸಿಗೆ ಬಂದಾಗಲೂ ಅದು ಊರಾಚೆಯೇ. ಬನ್ನೇರುಘಟ್ಟ ದಾಟಿದರೆ ಜಿಗಣಿಯಲ್ಲಿ ಗ್ರಾನೈಟ್ ಕೊಯ್ಯುವ ಕಾರ್ಖಾನೆಗಳು. ಬೊಮ್ಮಸಂದ್ರ–ಜಿಗಣಿ ಲಿಂಕ್ ರಸ್ತೆ ಈ ಹೆದ್ದಾರಿಯನ್ನು ಹೊಸೂರು ರಸ್ತೆಗೆ ಕಟ್ಟಿಹಾಕಿದ್ದರಿಂದ ಎಲೆಕ್ಟ್ರಾನಿಕ್ ಸಿಟಿಯ ಭಾರವೂ ಅಷ್ಟಿಷ್ಟು ಇದರ ಮೇಲೆ ಬಿತ್ತು.

ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯದ ಅದೃಷ್ಟ ಬೇರೆ. ಎರಡೂ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿದ್ದವು. ಹೊಸೂರು ರಸ್ತೆಗೆ 2010ರ ಜನವರಿಯಲ್ಲಿ ಸುಮಾರು 10 ಕಿ.ಮೀ. ಉದ್ದದ ಮೇಲುರಸ್ತೆ ಸಿಕ್ಕಿತು, ಪೀಣ್ಯದ ತುಮಕೂರು ರಸ್ತೆಗೂ ಮೇಲ್ಸೇತುವೆ ಬಂತು. ಟೋಲ್ ವಸೂಲಿ ಮಾಡಬಹುದಾದ ರಸ್ತೆಗೆ ಹಣ ಹೂಡುವವರು ಸಿಗುತ್ತಾರೆ, ಅಡ್ಡದಾರಿಯ ರಾಜ್ಯ ಹೆದ್ದಾರಿಗೆ ಸಿಗುವುದಿಲ್ಲ. 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮವಾಗಲಿ, ವಿಶ್ವಬ್ಯಾಂಕ್ ಸಾಲದ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯಾಗಲಿ ನೋಡಬೇಕಾದದ್ದು ಇಡೀ ರಾಜ್ಯವನ್ನು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಗಿ ಮಹದೇವಪುರ, ಬೊಮ್ಮನಹಳ್ಳಿ ನಗರಸಭೆಗಳು ಅದರಲ್ಲಿ ಕರಗಿದ ಮೇಲೆ ಒಂದೇ ಹೆದ್ದಾರಿಯ ಒಂದು ತುಂಡು ಪಾಲಿಕೆಯ ಎಲ್ಲೆಯೊಳಗೆ, ಇನ್ನೊಂದು ಪಂಚಾಯಿತಿ ಸೀಮೆಯಲ್ಲಿ ಉಳಿಯಿತು. ಗುಂಡಿ ಯಾರದೆಂಬ ಪ್ರಶ್ನೆಗೆ ಉತ್ತರ ಎಲ್ಲೆಗಲ್ಲಿನ ಮೇಲೆ ನಿಂತಿತು.

ರಾಜ್ಯ ಹೆದ್ದಾರಿ ಎಂಬ ಪಟ್ಟ ಜನರಿಗೆ ದಿಢೀರನೆ ನೆನಪಾದದ್ದು ಮದ್ಯದ ದೆಸೆಯಿಂದ. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಆದೇಶಿಸಿತು. ಎಷ್ಟೋ ವರ್ಷ ಯಾರೂ ತೆರೆಯದ ಹೆದ್ದಾರಿ ಪಟ್ಟಿಯನ್ನು ಆಗ ಬಾರ್ ಮಾಲೀಕರು ಎಂಜಿನಿಯರುಗಳಿಗಿಂತ ಶ್ರದ್ಧೆಯಿಂದ ಓದಿದರು. ನಗರ ವ್ಯಾಪ್ತಿಯ ರಸ್ತೆಗಳಿಗೆ ಈ ನಿರ್ಬಂಧ ಅನ್ವಯಿಸದು ಎಂಬ ಸ್ಪಷ್ಟನೆ 2017ರ ಜುಲೈನಲ್ಲಿ ಬಂದ ಮೇಲೆ ಪಟ್ಟಿ ಮತ್ತೆ ಕಪಾಟು ಸೇರಿತು.

ನಗರದ ಹೊರಗಿನಿಂದ ಬಳಸಿ ಹೋಗುವ ಹಳೆಯ ಕೆಲಸವನ್ನು ಈಗ ಉಪನಗರ ವರ್ತುಲ ರಸ್ತೆಗೆ ವಹಿಸಲಾಗಿದೆ. ಹಿಂದಿನ ರಾಷ್ಟ್ರೀಯ ಹೆದ್ದಾರಿ 207, ಇಂದಿನ 648ರ ಜಾಡನ್ನು ಬಹುಮಟ್ಟಿಗೆ ಅನುಸರಿಸುವ ಅದರ ದಾಬಸ್‌ಪೇಟೆ–ಹೊಸಕೋಟೆ ಭಾಗ 2024ರ ಹೊತ್ತಿಗೆ ಸಂಚಾರಕ್ಕೆ ತೆರೆದಿತ್ತು. ಕಾಡುಗೋಡಿಗೆ 2023ರ ಮಾರ್ಚ್‌ನಲ್ಲಿ, ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ ಮೆಟ್ರೊ ಬಂದಿದೆ. ಆದರೆ ಅವೆರಡೂ ನಗರದಿಂದ ಹೊರಕ್ಕೆ ಚಾಚಿದ ಮಾರ್ಗಗಳು. ಕಾಡುಗೋಡಿಯಲ್ಲಿ ರೈಲಿಳಿದು ಸರ್ಜಾಪುರಕ್ಕೋ ಅತ್ತಿಬೆಲೆಗೋ ಹೋಗಬೇಕಾದವರಿಗೆ ನೇರ ದಾರಿ ಇವತ್ತಿಗೂ 35ನೇ ನಂಬರಿನದೇ.