ಜೈಲಿನ ಕಡತದಲ್ಲಿ ಕಳೆದುಹೋದವರು

1979ರ ಜನವರಿ 8 ಮತ್ತು 9ರ 'ಇಂಡಿಯನ್ ಎಕ್ಸ್‌ಪ್ರೆಸ್' ಪತ್ರಿಕೆಯಲ್ಲಿ ಬಿಹಾರದ ಜೈಲುಗಳ ಬಗ್ಗೆ ಕೆ.ಎಫ್. ರುಸ್ತುಂಜಿಯವರ ಲೇಖನಗಳು ಬಂದವು. ಗಡಿ ಭದ್ರತಾ ಪಡೆಯ ಮೊದಲ ಮುಖ್ಯಸ್ಥರಾಗಿದ್ದ ರುಸ್ತುಂಜಿ ಆಗ ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರು. ವಿಚಾರಣೆಯೇ ಶುರುವಾಗದೆ ವರ್ಷಗಟ್ಟಲೆ ಒಳಗೆ ಕುಳಿತಿದ್ದ ಗಂಡಸರು, ಹೆಂಗಸರು, ಮಕ್ಕಳ ಕತೆ ಅಲ್ಲಿತ್ತು. ಅದನ್ನು ಓದಿದ ದೆಹಲಿಯ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಆ ಲೇಖನಗಳನ್ನೇ ಆಧಾರವಾಗಿಟ್ಟುಕೊಂಡು ಸುಪ್ರೀಂ ಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಇಂಥ ಅರ್ಜಿಗೆ ಕೈದಿಯದೋ ಅವನ ಬಂಧುವಿನದೋ ವಕಾಲತ್ತು ಬೇಕೆಂಬುದು ಅಂದಿನ ರೂಢಿ. ಹಿಂಗೋರಾನಿಯವರ ಬಳಿ ಯಾರ ಸಹಿಯೂ ಇರಲಿಲ್ಲ. ಆದರೂ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಅರ್ಜಿಯನ್ನು ಕೈಗೆತ್ತಿಕೊಂಡಿತು.

ಹುಸೇನಾರಾ ಖಾತೂನ್ ಪ್ರಕರಣವೆಂದು ಕಾನೂನು ಪುಸ್ತಕಗಳಲ್ಲಿ ನೆಲೆನಿಂತ ಈ ಅರ್ಜಿಯಿಂದ ಕಾಲಕ್ರಮದಲ್ಲಿ ಸುಮಾರು 40,000 ವಿಚಾರಣಾಧೀನ ಕೈದಿಗಳಿಗೆ ಬಿಡುಗಡೆ ಸಿಕ್ಕಿತು. ಅವರಲ್ಲಿ ಕೆಲವರು, ಅಪರಾಧ ಸಾಬೀತಾಗಿದ್ದರೆ ಅನುಭವಿಸಬೇಕಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ಆಗಲೇ ಒಳಗಿದ್ದರು. ಕೆಲವು ಹೆಂಗಸರ ಮೇಲೆ ಆರೋಪವೇ ಇರಲಿಲ್ಲ. ಅವರು ಸಾಕ್ಷಿಗಳು ಅಥವಾ ಅಪರಾಧಕ್ಕೆ ತುತ್ತಾದವರು. 'ರಕ್ಷಣೆ'ಯ ಹೆಸರಿನಲ್ಲಿ ಅವರನ್ನು ಜೈಲಿನಲ್ಲಿಟ್ಟಿದ್ದರು. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯ ಭಾಗವೆಂದು ನ್ಯಾಯಾಲಯ ಹೇಳಿತು. ವಕೀಲರನ್ನು ಇಟ್ಟುಕೊಳ್ಳಲಾಗದವರಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂದೂ ಹೇಳಿತು. ಭಾರತದಲ್ಲಿ ಮರೆತುಹೋದ ಕೈದಿಗಳ ಪರವಾದ ಕೆಲಸ ಒಂದು ಕ್ಷೇತ್ರವಾಗಿ ರೂಪುಗೊಂಡದ್ದು ಇಲ್ಲಿಂದ.

'ಮರೆತುಹೋದ ಕೈದಿಗಳು' ಎಂಬ ಮಾತು ಲೋಕದ ಕಿವಿಗೆ ಬಿದ್ದದ್ದು ಇದಕ್ಕೂ ಮೊದಲು. 1961ರ ಮೇ 28ರಂದು ಲಂಡನ್ನಿನ 'ಅಬ್ಸರ್ವರ್' ಪತ್ರಿಕೆಯಲ್ಲಿ ಪೀಟರ್ ಬೆನೆನ್ಸನ್ ಎಂಬ ವಕೀಲರು ಅದೇ ಶೀರ್ಷಿಕೆಯಡಿ ಆರು ಮಂದಿ ರಾಜಕೀಯ ಕೈದಿಗಳ ಬಗ್ಗೆ ಬರೆದರು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಹುಟ್ಟಿದ್ದು ಆ ಲೇಖನದಿಂದ. ಕೈದಿಯ ಹೆಸರು ಹಿಡಿದು ಆ ದೇಶದ ಸರ್ಕಾರಕ್ಕೆ ಸಾವಿರಾರು ಪತ್ರ ಬರೆಯುವುದು ಆ ಸಂಸ್ಥೆಯ ವಿಧಾನ. ಹೆಸರು, ಮುಖ, ಅಭಿಪ್ರಾಯ ಇದ್ದವರಿಗೆ ಅದು ಫಲ ಕೊಟ್ಟಿತು. ಬಿಹಾರದ ಜೈಲುಗಳಲ್ಲಿದ್ದವರಿಗೆ ಸುದ್ದಿಯಾಗುವಂಥ ಅಭಿಪ್ರಾಯವೂ ಇರಲಿಲ್ಲ, ಹೆಸರು ಹಿಡಿದು ಕೇಳುವವರೂ ಇರಲಿಲ್ಲ. ಹಾಗಾಗಿ ನಮ್ಮಲ್ಲಿ ಈ ಕೆಲಸದ ಮೊದಲ ಹೆಜ್ಜೆ ಒಳಗೆ ಯಾರ್ಯಾರಿದ್ದಾರೆಂದು ಪಟ್ಟಿ ಮಾಡುವುದೇ ಆಯಿತು. ನನ್ನ ಪಾಲಿಗೆ ಇದು ಬೆನೆನ್ಸನ್ ಮಾಡಿದ್ದಕ್ಕಿಂತ ಕಷ್ಟದ ಕೆಲಸ.

ಇಷ್ಟು ಜನ ಒಳಗೇ ಉಳಿದುಬಿಡಲು ಅತಿ ಸಾಮಾನ್ಯ ಕಾರಣ ಜಾಮೀನು. ಹುಸೇನಾರಾ ಪ್ರಕರಣದ ಹಿಂದಿನ ವರ್ಷವೇ, 1978ರಲ್ಲಿ, ಮೋತಿರಾಮ್ ಎಂಬ ಗಾರೆ ಕೆಲಸಗಾರನ ಅರ್ಜಿ ಮಧ್ಯಪ್ರದೇಶದಿಂದ ಸುಪ್ರೀಂ ಕೋರ್ಟಿಗೆ ಬಂದಿತ್ತು. ಜಾಮೀನು ಕೊಡಿ ಎಂದು ಮೇಲಿನ ನ್ಯಾಯಾಲಯ ಹೇಳಿದ ಮೇಲೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅಣ್ಣತಮ್ಮಂದಿರಲ್ಲೊಬ್ಬ ಮುಂದೆ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪಿನಲ್ಲಿ ಸಿಟ್ಟು ಮುಚ್ಚಿಡಲಿಲ್ಲ. ಬಸ್ತಾರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಚಾಂದನಿ ಚೌಕದಲ್ಲೋ ಸಣ್ಣ ಆರೋಪದ ಮೇಲೆ ಸಿಕ್ಕಿಬಿದ್ದ ಮಲಯಾಳಿಯೋ ಕನ್ನಡಿಗನೋ ತಮಿಳನೋ ಅಲ್ಲಿಯ ಜಮೀನುದಾರನನ್ನು ಎಲ್ಲಿಂದ ಹುಡುಕಿ ತರಬೇಕು ಎಂದು ಕೇಳಿದರು. 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಮೋತಿರಾಮ್ ಹೊರಬಂದ.

ತೀರ್ಪಿಗೆ ನಾಲ್ಕು ದಶಕ ಮೀರಿದೆ. ಇವತ್ತಿಗೂ ನಮ್ಮ ಕೋರ್ಟುಗಳ ಆವರಣದಲ್ಲಿ ಪಹಣಿ ಹಿಡಿದುಕೊಂಡು ಜಾಮೀನು ನಿಲ್ಲುವವರಿಗಾಗಿ ಅಲೆಯುವ ಮನೆಮಂದಿ ಕಾಣಸಿಗುತ್ತಾರೆ. ಹೊಲ ಇಲ್ಲದವನಿಗೆ ಪಹಣಿ ಇಲ್ಲ. ಪಹಣಿ ಇರುವ ಊರಿನ ದೊಡ್ಡವರು ಕಟ್ಟಡ ಕೆಲಸಕ್ಕೆಂದು ದೂರದಿಂದ ಬಂದವನಿಗೆ ಜಾಮೀನು ನಿಲ್ಲುವುದಿಲ್ಲ. ಜಾಮೀನು ಸಿಕ್ಕಿದೆ, ಆದರೆ ಬಿಡುಗಡೆ ಇಲ್ಲ ಎಂಬ ಸ್ಥಿತಿ ಇಲ್ಲಿಂದ ಶುರುವಾಗುತ್ತದೆ.

ಇದಕ್ಕಿಂತ ಭೀಕರವಾದದ್ದು ಖುಲಾಸೆಯಾದ ಮೇಲೂ ಒಳಗೇ ಉಳಿದವರ ಸ್ಥಿತಿ. ಮುಜಫ್ಫರಪುರದ ಸೆಷನ್ಸ್ ನ್ಯಾಯಾಲಯ ರುದುಲ್ ಸಾಹ್ ಎಂಬಾತನನ್ನು 1968ರ ಜೂನ್ 3ರಂದು ಖುಲಾಸೆ ಮಾಡಿತ್ತು. ಆತ ಜೈಲಿನ ಬಾಗಿಲು ದಾಟಿದ್ದು 1982ರ ಅಕ್ಟೋಬರ್ 16ರಂದು. ನಡುವಿನ ಹದಿನಾಲ್ಕು ವರ್ಷಗಳಿಗೆ ಬಿಹಾರ ಸರ್ಕಾರ ಕೊಟ್ಟ ವಿವರಣೆ, ಬಿಡುಗಡೆಯ ಆದೇಶವಾದಾಗ ಆತನಿಗೆ ಬುದ್ಧಿಭ್ರಮಣೆಯಾಗಿತ್ತು ಎಂಬುದು. ಯಾವ ವೈದ್ಯರು ಹಾಗೆಂದರು, ಏನು ಚಿಕಿತ್ಸೆ ಕೊಟ್ಟರು ಎಂಬುದಕ್ಕೆ ದಾಖಲೆ ಇರಲಿಲ್ಲ. ಸರ್ಕಾರದ ಪ್ರಮಾಣಪತ್ರವನ್ನೇ ನಂಬಿದರೂ, ಆತ ಸ್ವಸ್ಥನಾಗಿದ್ದಾನೆ, ಬಿಡಬಹುದು ಎಂದು ಸಿವಿಲ್ ಸರ್ಜನ್ ವರದಿ ಕೊಟ್ಟದ್ದು 1977ರ ಫೆಬ್ರುವರಿಯಲ್ಲಿ. ಜೈಲಿನಿಂದ ಕಾನೂನು ಇಲಾಖೆಗೆ ಪತ್ರ ಹೋಯಿತು. ಪತ್ರ ಅಲ್ಲೇ ಕುಳಿತಿತು, ಮನುಷ್ಯ ಇನ್ನೂ ಐದೂವರೆ ವರ್ಷ ಇಲ್ಲೇ ಕುಳಿತ. 1983ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ, ಸರ್ಕಾರ ಮೊದಲು ಕೊಟ್ಟಿದ್ದ 5,000 ಅಲ್ಲದೆ ಇನ್ನೂ 30,000 ರೂಪಾಯಿ ಕೊಡಬೇಕೆಂದು ಆದೇಶಿಸಿತು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸಾಂವಿಧಾನಿಕ ನ್ಯಾಯಾಲಯವೇ ನೇರವಾಗಿ ಪರಿಹಾರ ಕೊಡಿಸುವ ದಾರಿ ಹೀಗೆ ತೆರೆಯಿತು. ಹದಿನಾಲ್ಕು ವರ್ಷಕ್ಕೆ 35,000 ರೂಪಾಯಿ ಎಂಬ ಲೆಕ್ಕ ಓದುವಾಗ ಇಂದಿಗೂ ಹೊಟ್ಟೆ ಉರಿಯುತ್ತದೆ. ಆದರೆ ಆ ದಾರಿಗೆ ಬೆಲೆ ಕಟ್ಟಲಾಗದು.

ಅದೇ ಕಾಲದಲ್ಲಿ ಹಜಾರಿಬಾಗ್‌ನ ಒಂದು ಉಚಿತ ಕಾನೂನು ನೆರವು ಸಮಿತಿಯ ಪತ್ರವನ್ನು ಸುಪ್ರೀಂ ಕೋರ್ಟ್ ಅರ್ಜಿಯೆಂದು ಸ್ವೀಕರಿಸಿತು. ಮಾನಸಿಕ ಅಸ್ವಸ್ಥರೆಂದು ಇಟ್ಟಿದ್ದ ಕೆಲವರು ಅಲ್ಲಿಯ ಜೈಲಿನಲ್ಲಿ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಇದ್ದರು. ಗುಣವಾದ ಮೇಲೂ ಬಿಟ್ಟಿರಲಿಲ್ಲ. ತಿಹಾರ್‌ನಿಂದ ಸುನಿಲ್ ಬಾತ್ರಾ ಬರೆದ ಪತ್ರವೂ ಹೀಗೆಯೇ ಅರ್ಜಿಯಾಗಿತ್ತು. ಒಂದು ಅಂಚೆ ಲಕೋಟೆ ದೇಶದ ಅತ್ಯುನ್ನತ ನ್ಯಾಯಾಲಯವನ್ನು ಅಲ್ಲಾಡಿಸಬಲ್ಲದು ಎಂಬ ನಂಬಿಕೆ ಹುಟ್ಟಿದ ವರ್ಷಗಳವು.

ಆದರೆ ಪತ್ರ ಬರೆಯುವವರು ಇರುವ ಜೈಲುಗಳಿಗಷ್ಟೇ ಬೆಳಕು ಬಿತ್ತು. ಅಸ್ಸಾಮಿನ ಮೋರಿಗಾಂವ್ ಕಡೆಯ ಮಾಚಂಗ್ ಲಾಲುಂಗ್ ಅವರನ್ನು 1951ರಲ್ಲಿ ಬಂಧಿಸಿದಾಗ ಅವರಿಗೆ 23 ವರ್ಷ. ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ಸ್ವಸ್ಥರೆಂದು ವೈದ್ಯರು ಬರೆದರೂ ಮನೆಗೆ ಕಳಿಸಲಿಲ್ಲ, ಜೈಲಿಗೆ ಕಳಿಸಿದರು. ವಿಚಾರಣೆ ನಡೆಯಲೇ ಇಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಗಮನಕ್ಕೆ ಬಂದು, 2005ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಹೊರಬರುವ ಹೊತ್ತಿಗೆ 54 ವರ್ಷ ಕಳೆದಿದ್ದವು. ಸುಪ್ರೀಂ ಕೋರ್ಟ್ 3 ಲಕ್ಷ ರೂಪಾಯಿ ಮತ್ತು ತಿಂಗಳಿಗೆ 1,000 ರೂಪಾಯಿ ಕೊಡಿಸಿತು. 2007ರಲ್ಲಿ ಅವರು ತೀರಿಕೊಂಡರು. ಹುಸೇನಾರಾ ತೀರ್ಪು, ರುದುಲ್ ಸಾಹ್ ತೀರ್ಪು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1993ರಲ್ಲಿ ಸ್ಥಾಪನೆಯಾದ ಆಯೋಗ ಇವೆಲ್ಲವೂ ಬಂದುಹೋದದ್ದು ಈ ಮನುಷ್ಯ ಒಳಗಿದ್ದಾಗಲೇ.

ಕನ್ನಡನಾಡಿಗೆ ಈ ಪ್ರಶ್ನೆ ಬೇರೆ ದಿಕ್ಕಿನಿಂದ ಬಂತು. 1993ರ ಸುಮಾರಿಗೆ ವೀರಪ್ಪನ್ ಬೇಟೆಯ ಹೊತ್ತಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳವರನ್ನು ಟಾಡಾ ಎಂಬ ಭಯೋತ್ಪಾದನೆ ತಡೆ ಕಾಯ್ದೆಯಡಿ ಬಂಧಿಸಿ ಮೈಸೂರು ಜೈಲಿನಲ್ಲಿಟ್ಟರು. ಟಾಡಾದಡಿ ಜಾಮೀನು ಸಿಗುವುದು ಬಹುಮಟ್ಟಿಗೆ ಅಸಾಧ್ಯವಾಗಿತ್ತು. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯೇ ಸಾಕ್ಷ್ಯವಾಗಿತ್ತು. 1995ರಲ್ಲಿ ಕಾಯ್ದೆಯ ಅವಧಿ ಮುಗಿದರೂ ಅದರಡಿ ಹಾಕಿದ ಮೊಕದ್ದಮೆಗಳು ಮುಗಿಯಲಿಲ್ಲ. ನಾಡಿನ ಬಹುಪಾಲು ಜನರಿಗೆ ಈ ಕೈದಿಗಳು ಇದ್ದಾರೆಂಬುದು ಗೊತ್ತಾದದ್ದು 2000ದ ಜುಲೈ 30ರ ನಂತರ. ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಮೈಸೂರಿನ ಟಾಡಾ ಕೈದಿಗಳ ಬಿಡುಗಡೆಯೂ ಒಂದು. ಸರ್ಕಾರ ಆರೋಪ ಹಿಂತೆಗೆದುಕೊಳ್ಳಲು ಹೊರಟಿತು. ವೀರಪ್ಪನ್ ತಂಡದ ಗುಂಡಿಗೆ ಬಲಿಯಾಗಿದ್ದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಅದನ್ನು ತಡೆದರು.

ಮಗನನ್ನು ಕಳೆದುಕೊಂಡ ತಂದೆಯ ಅಹವಾಲು ನ್ಯಾಯವಾದದ್ದು. ಬೆದರಿಕೆಗೆ ಮಣಿದು ಮೊಕದ್ದಮೆ ಕೈಬಿಡಬಾರದು ಎಂಬ ತೀರ್ಪೂ ಸರಿ. ಆದರೆ ಏಳು ವರ್ಷ ತೀರ್ಪಿಲ್ಲದೆ ಕುಳಿತವರ ಸ್ಥಿತಿ ಚರ್ಚೆಗೆ ಬರಲು ಒಬ್ಬ ಕಾಡುಗಳ್ಳನ ಪಟ್ಟಿಯೇ ಬೇಕಾಯಿತಲ್ಲ, ಆ ನಾಚಿಕೆ ನಮ್ಮೆಲ್ಲರದು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ಹೆಚ್ಚಿನವರು ಖುಲಾಸೆಯಾದರು. ವೀರಪ್ಪನ್ ಬೇಟೆಗಿಳಿದಿದ್ದ ಕಾರ್ಯಾಚರಣೆ ಪಡೆಗಳ ದೌರ್ಜನ್ಯದ ದೂರುಗಳನ್ನು ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. ಹಳ್ಳಿಗಳ ಹೆಣ್ಣುಮಕ್ಕಳು ಸಮಿತಿಯ ಮುಂದೆ ನಿಂತು ಹೇಳಿಕೆ ಕೊಟ್ಟರು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು.

ಅದೇ ಟಾಡಾ 1994ರ ಜನವರಿಯಲ್ಲಿ ಗುಲ್ಬರ್ಗದ ಒಬ್ಬ ಫಾರ್ಮಸಿ ವಿದ್ಯಾರ್ಥಿಯನ್ನು ಎಳೆದೊಯ್ದಿತ್ತು. ಹಿಂದಿನ ಡಿಸೆಂಬರ್‌ನಲ್ಲಿ ನಡೆದ ರೈಲು ಸ್ಫೋಟಗಳ ಆರೋಪ. ಮುಖ್ಯ ಸಾಕ್ಷ್ಯ, ಪೊಲೀಸರ ವಶದಲ್ಲಿದ್ದಾಗ ಬರೆಸಿಕೊಂಡ ತಪ್ಪೊಪ್ಪಿಗೆ. ಅಣ್ಣನನ್ನೂ ಹಿಡಿದರು. ಅಜ್ಮೇರ್‌ನ ಟಾಡಾ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಇಬ್ಬರು ಮಕ್ಕಳಿಗಾಗಿ ಓಡಾಡಿದ ತಂದೆ ಬಿಡುಗಡೆ ನೋಡದೆ ತೀರಿಕೊಂಡರು. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಆ ವಿದ್ಯಾರ್ಥಿಯನ್ನು ಖುಲಾಸೆ ಮಾಡಿದಾಗ ಇಪ್ಪತ್ತರ ಹುಡುಗ ನಲವತ್ತು ದಾಟಿದ್ದ. ದೆಹಲಿಯ ಮೊಹಮ್ಮದ್ ಆಮಿರ್ ಖಾನ್ ಹದಿನಾಲ್ಕು ವರ್ಷ ಒಳಗಿದ್ದು ಹೊರಬಂದು, ವಕೀಲೆ ನಂದಿತಾ ಹಕ್ಸರ್ ಜೊತೆ ಸೇರಿ ತನ್ನ ಕತೆಯನ್ನು ಪುಸ್ತಕವಾಗಿ ಬರೆದರು. ಇಂಥವರು ತಾವೇ ಮಾತಾಡತೊಡಗಿದ್ದು ಈ ಕ್ಷೇತ್ರದ ದೊಡ್ಡ ತಿರುವು. ಅಲ್ಲಿಯವರೆಗೆ ಅವರ ಪರವಾಗಿ ಬೇರೆಯವರು ಮಾತಾಡುತ್ತಿದ್ದರು.

ಈ ನಡುವೆ ಕಾನೂನೂ ನಿಧಾನವಾಗಿ ಕದಲಿತು. ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 2006ರಲ್ಲಿ ಜಾರಿಗೆ ಬಂದ 436-ಎ ಕಲಮಿನ ಪ್ರಕಾರ, ಗರಿಷ್ಠ ಶಿಕ್ಷೆಯ ಅರ್ಧ ಕಾಲ ಒಳಗಿದ್ದ ವಿಚಾರಣಾಧೀನ ಕೈದಿಯನ್ನು ಬಿಡಬೇಕೆಂದಾಯಿತು. ಮರಣದಂಡನೆಗೆ ಎಡೆಯಿರುವ ಆರೋಪಗಳು ಇದಕ್ಕೆ ಹೊರತಾಗಿದ್ದವು. 2014ರಲ್ಲಿ ಭೀಮ್ ಸಿಂಗ್ ಪ್ರಕರಣದಲ್ಲಿ, ನ್ಯಾಯಾಧೀಶರೇ ವಾರಕ್ಕೊಮ್ಮೆ ಜೈಲಿಗೆ ಹೋಗಿ ಅರ್ಹರನ್ನು ಗುರುತಿಸಬೇಕೆಂದು ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಟ್ಟಿತು. ಹಳೆಯ ಸಂಹಿತೆಯ ಬದಲು 2024ರ ಜುಲೈನಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಮೊದಲ ಸಲದ ಆರೋಪಿಗಳಿಗೆ ಅರ್ಧವನ್ನು ಮೂರನೇ ಒಂದಕ್ಕೆ ಇಳಿಸಿತು, ಆದರೆ ಒಂದಕ್ಕಿಂತ ಹೆಚ್ಚು ಮೊಕದ್ದಮೆ ಇರುವವರನ್ನು ಹೊರಗಿಟ್ಟಿತು. ಬಡವರ ಮೇಲೆ ಒಂದೇ ಘಟನೆಗೆ ಎರಡು ಮೂರು ಕೇಸು ಜಡಿಯುವ ಪರಿಪಾಠವಿರುವಾಗ ಈ ಷರತ್ತು ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ಜಾಮೀನು ಸಿಕ್ಕಿಯೂ ಹೊರಬರಲಾಗದವರು ದೇಶದಲ್ಲಿ ಸುಮಾರು 5,000 ಮಂದಿ ಎಂಬ ಲೆಕ್ಕ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದಿಂದ ಸುಪ್ರೀಂ ಕೋರ್ಟಿನ ಮುಂದೆ ಬಂದ ಮೇಲೆ, 2023ರ ಜನವರಿಯಲ್ಲಿ ಇನ್ನಷ್ಟು ನಿರ್ದೇಶನಗಳಾದವು. ಜಾಮೀನು ಆದೇಶ ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲು ಮುಟ್ಟಬೇಕು. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಬಡ ವಿಚಾರಣಾಧೀನ ಕೈದಿಗಳ ಜಾಮೀನಿಗೆ 40,000 ರೂಪಾಯಿವರೆಗೆ ನೆರವು ಕೊಡುವ ಕೇಂದ್ರದ ಯೋಜನೆಯೂ ಅದೇ ವರ್ಷದ್ದು. ಈ ನಿರ್ದೇಶನಗಳು ಬರುವ ಮುನ್ನ, 2022ರ ಕೊನೆಗೆ, ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು ಎನ್ನುತ್ತದೆ ಅಪರಾಧ ದಾಖಲೆಗಳ ಬ್ಯೂರೋ. ನಾಲ್ವರಲ್ಲಿ ಮೂವರು.

ಶಿಕ್ಷೆಯಾದವರ ಕಡತಗಳನ್ನು ಮರಳಿ ತೆರೆಯುವ ಕೆಲಸ ಇನ್ನೂ ಹೊಸದು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಶುರುವಾದ 'ಪ್ರಾಜೆಕ್ಟ್ 39ಎ' ತಂಡ ಮರಣದಂಡನೆಗೆ ಗುರಿಯಾದವರ ಜೊತೆ ಕೂತು ಮಾತಾಡತೊಡಗಿತು. ಪುಣೆಯಲ್ಲಿ 1994ರಲ್ಲಿ ನಡೆದ ಕೊಲೆಗಳ ಪ್ರಕರಣದಲ್ಲಿ ನಾರಾಯಣ ಎಂಬ ಹೆಸರಿನಲ್ಲಿ, ವಯಸ್ಸು ಇಪ್ಪತ್ತೆಂದು ಬರೆಸಿಕೊಂಡು ಮರಣದಂಡನೆ ಪಡೆದ ಒಬ್ಬಾತ ನಾಗಪುರ ಜೈಲಿನಲ್ಲಿದ್ದ. ಅವನ ನಿಜವಾದ ಹೆಸರು ನಿರಾಣಾರಾಮ್. ರಾಜಸ್ಥಾನದ ಅವನ ಊರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಆ ಹೆಸರಿತ್ತು, ಜನ್ಮದಿನಾಂಕವೂ ಇತ್ತು: 1982ರ ಫೆಬ್ರುವರಿ 1. ಘಟನೆ ನಡೆದಾಗ ಅವನಿಗೆ ಹನ್ನೆರಡೂವರೆ ವರ್ಷ. ಆ ವಯಸ್ಸಿನ ಹುಡುಗನನ್ನು ಹೆಚ್ಚೆಂದರೆ ಮೂರು ವರ್ಷ ಬಾಲಗೃಹದಲ್ಲಿ ಇಡಬಹುದು. ಇಪ್ಪತ್ತೆಂಟು ವರ್ಷ ಕಳೆದ ಮೇಲೆ, 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ವಿಚಾರಣಾ ನ್ಯಾಯಾಲಯದಿಂದ ಮರುಪರಿಶೀಲನೆಯವರೆಗೆ ಎಷ್ಟು ಕೈ ದಾಟಿತ್ತು ಆ ಕಡತ! ಶಾಲೆಯ ಪುಸ್ತಕ ಮಾತ್ರ ಯಾರ ಕೈಗೂ ಬರಲಿಲ್ಲ.

ಕಳೆದುಹೋದವರನ್ನು ಹುಡುಕುವುದನ್ನೂ ಹೊರಗೆ ತರುವುದನ್ನೂ ಈ ಕ್ಷೇತ್ರ ತಕ್ಕಮಟ್ಟಿಗೆ ಕಲಿತಿದೆ. ಕಳೆದ ವರ್ಷಗಳಿಗೆ ಉತ್ತರ ಹೇಳುವವರು ಯಾರು ಎಂಬಲ್ಲಿಗೆ ಬಂದಾಗ ಮಾತ್ರ ಹಕ್ಕೆಂಬುದೇ ಇಲ್ಲ. ರುದುಲ್ ಸಾಹ್‌ಗೆ ಸಿಕ್ಕಿತು. ಅಕ್ಷರಧಾಮ ದೇವಾಲಯದ ದಾಳಿ ಪ್ರಕರಣದಲ್ಲಿ 2014ರಲ್ಲಿ ಖುಲಾಸೆಯಾದವರು ಪರಿಹಾರ ಕೇಳಿದಾಗ ಅದೇ ಸುಪ್ರೀಂ ಕೋರ್ಟ್ 2016ರಲ್ಲಿ ಇಲ್ಲವೆಂದಿತು. 1979ರಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರುವಾಗಲೇ, ಅಕ್ರಮ ಬಂಧನಕ್ಕೆ ಪರಿಹಾರ ಕೊಡುವ ಹೊಣೆಯನ್ನು ಭಾರತ ಒಪ್ಪಿರಲಿಲ್ಲ. ವಿನಾಕಾರಣ ಬಂಧನಕ್ಕೊಳಗಾದವರಿಗೆ ಪರಿಹಾರವೆಂದು ಹೊಸ ಸಂಹಿತೆಯ 399ನೇ ಕಲಮು ಗೊತ್ತುಮಾಡಿರುವ ಗರಿಷ್ಠ ಮೊತ್ತ 1,000 ರೂಪಾಯಿ. ಅದನ್ನೂ ಕೊಡಬೇಕಾದದ್ದು ಸರ್ಕಾರವಲ್ಲ, ಬಂಧನಕ್ಕೆ ಕಾರಣನಾದ ವ್ಯಕ್ತಿ.

ದೆಹಲಿ ಹೈಕೋರ್ಟಿನ ಕೋರಿಕೆಯ ಮೇರೆಗೆ ಕಾನೂನು ಆಯೋಗ 2018ರ ಆಗಸ್ಟ್‌ನಲ್ಲಿ ತನ್ನ 277ನೇ ವರದಿ ಕೊಟ್ಟಿತು. ಅನ್ಯಾಯದ ಮೊಕದ್ದಮೆಗೆ ತುತ್ತಾದವರ ಅರ್ಜಿಗಳಿಗೆ ವಿಶೇಷ ನ್ಯಾಯಾಲಯಗಳು, ಹಣದ ಜೊತೆಗೆ ಆಪ್ತಸಮಾಲೋಚನೆ, ಉದ್ಯೋಗಕ್ಕೆ ಬೇಕಾದ ತರಬೇತಿ ಎಲ್ಲವನ್ನೂ ಶಿಫಾರಸು ಮಾಡಿ, ತಿದ್ದುಪಡಿ ಮಸೂದೆಯ ಕರಡನ್ನೂ ಲಗತ್ತಿಸಿತು. ಸಂಸತ್ತು 2023ರಲ್ಲಿ ಮೂರು ಅಪರಾಧ ಕಾನೂನುಗಳನ್ನು ಹೊಸದಾಗಿ ಬರೆದಾಗ ಆ ಕರಡಿಗೆ ಜಾಗ ಸಿಗಲಿಲ್ಲ. 2025ರ ಜುಲೈನಲ್ಲಿ ತಮಿಳುನಾಡಿನ ಒಬ್ಬ ಮರಣದಂಡನೆ ಕೈದಿಯನ್ನು ಖುಲಾಸೆ ಮಾಡುವಾಗ ಸುಪ್ರೀಂ ಕೋರ್ಟ್ ಈ ಕೊರತೆಯನ್ನು ಎತ್ತಿ ಹೇಳಿ, ನಿರ್ಧಾರವನ್ನು ಶಾಸಕಾಂಗಕ್ಕೆ ಬಿಟ್ಟಿತು. ಆಯೋಗದ ಕರಡು ಬರೆದದ್ದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ. ಕಲಮುಗಳ ಸಂಖ್ಯೆ ಬದಲಿಸಿ ಹೊಸ ಸಂಹಿತೆಗೆ ಹೊಂದಿಸಿದರೆ ಮುಂದಿನ ಅಧಿವೇಶನದಲ್ಲೇ ಮಂಡಿಸಬಹುದು.